ಬ್ರೇಕಿನ ಮೇಲಿನ ಕಾಲು

ಆ ಜೀಪಿಗೆ ಒಂದು ಕಲ್ಲಿತ್ತು. ಹ್ಯಾಂಡ್ ಬ್ರೇಕ್ ಸತ್ತು ಎಷ್ಟೋ ಕಾಲವಾಗಿದ್ದರಿಂದ, ಎಲ್ಲಿ ನಿಂತರೂ ಪಕ್ಕದಲ್ಲಿ ಕೂತವರು ಜಿಗಿದು ಆ ಕಲ್ಲನ್ನು ಗಾಲಿಗೆ ಕೊಡಬೇಕು, ಆಮೇಲೆ ಡ್ರೈವರ್ ಸಾಯಬಣ್ಣ ಇಳಿಯಬೇಕು. ಅಂದು ಬೆಳಿಗ್ಗೆ ರಾವೂರು ದಾಟಿದ ಮೇಲೆ, ಹಿಂದೆ ಕೂತಿದ್ದ ಚಂದಮ್ಮ ಆ ಕಲ್ಲು ತನ್ನ ಇಳಕಲ್ ಸೀರೆಗೆ ಗ್ರೀಸು ಬಳಿಯುತ್ತದೆಂದು ಯಾರಿಗೂ ಹೇಳದೆ ಕಾಲಿನಿಂದ ಹೊರಗೆ ಉರುಳಿಸಿಬಿಟ್ಟಳು.

ಚಂದಮ್ಮ ಹೊರಟದ್ದು ದಂಡೋತಿಗೆ. ತಂಗಿಯ ಮಗ ಗುರುಲಿಂಗಯ್ಯನಿಗೆ ಹೆಣ್ಣು ತೋರಿಸಲಿಕ್ಕೆ. ಗುರುಲಿಂಗಯ್ಯ ಶಹಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಒಳ್ಳೆಯವನು, ಆದರೆ ವಿವರಿಸುವ ಚಟ. ಹಿಂದೆ ಒಂದು ಮನೆಯಲ್ಲಿ ಚಹಾ ಬಿಸಿಯಾಗಿದೆಯೇ ಎಂದು ಕೇಳಿದ್ದಕ್ಕೆ ಶಾಖಕ್ಕೂ ಉಷ್ಣತೆಗೂ ಇರುವ ವ್ಯತ್ಯಾಸ ಹೇಳತೊಡಗಿ, ಮುಗಿಸುವಷ್ಟರಲ್ಲಿ ಚಹಾ ಆರಿತ್ತು, ಸಂಬಂಧವೂ ಆರಿತ್ತು. ಈ ಸಲ ಮಾತ್ರ ಅವನಿಗೆ ಸಂಬಂಧ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ರೇವಣಯ್ಯನವರ ಮಗಳು ರತ್ನಾಬಾಯಿಯ ಫೋಟೋ ಅವನ ಅಂಗಿಯ ಕಿಸೆಯಲ್ಲೇ ಇತ್ತು. ಅದರಲ್ಲಿ ಅವಳು, ನಗಬೇಡ ಎಂದು ಯಾರೋ ಗದರಿಸಿದ್ದಕ್ಕೆ ನಗೆಯನ್ನು ತುಟಿಯಲ್ಲೇ ಹಿಡಿದುಕೊಂಡಂತೆ ಕೂತಿದ್ದಳು.

“ಬಾಯಿಗಿ ಬ್ರೇಕ್ ಇರ್ಲಿ, ಗುರುಲಿಂಗಾ,” ಎಂದು ದೊಡ್ಡವ್ವ ದಾರಿಯುದ್ದಕ್ಕೂ ಹೇಳಿದ್ದಳು. ಬ್ರೇಕ್ ಅಂದರೆ ಚಲನೆಯನ್ನು ಘರ್ಷಣೆಯಿಂದ ಶಾಖವಾಗಿಸುವ ಸಾಧನ, ಬಾಯಿಗೆ ಆ ಶಬ್ದ ಸಲ್ಲದು ಎಂದು ಅವನು ತಿದ್ದಿದ್ದ. ಆದರೆ ಆ ಸೀಮೆಯಲ್ಲಿ ಆ ಶಬ್ದ ಎಂದೋ ಬಸ್ಸಿನಿಂದ ಇಳಿದು ಮನೆಮನೆ ಹೊಕ್ಕಿತ್ತು. ಅಳುವ ಕೂಸಿಗೆ ಬ್ರೇಕ್, ಕುಡಿಯುವ ಗಂಡನಿಗೆ ಬ್ರೇಕ್, ಬರಬೇಕಾದ ಬಡ್ತಿಗೆ ಬ್ರೇಕ್. ಸೈಕಲ್ ಸಹ ಇಲ್ಲದವರು ದಿನಕ್ಕೆ ಹತ್ತು ಸಲ ಬ್ರೇಕ್ ಹಾಕುತ್ತಿದ್ದರು.

ರೇವಣಯ್ಯನವರ ಮನೆ ಕಾಗಿಣಾ ಹೊಳೆಗೆ ಇಳಿಯುವ ಓಣಿಯ ನಟ್ಟನಡುವೆ. ಇಳಿಜಾರಿನ ಕೆಳಗೆ ಕುಂಬಾರ ಖಂಡೆಪ್ಪ ಹೊಸ ಗಡಿಗೆಗಳನ್ನು ಓಣಿಯ ತುಂಬ ಒಣಗಲಿಟ್ಟಿದ್ದ. ಸಾಯಬಣ್ಣ ಬ್ರೇಕ್ ಒತ್ತಿ ಜೀಪು ನಿಲ್ಲಿಸಿ, ಪಕ್ಕದಲ್ಲಿ ಕೂತಿದ್ದ ಗುರುಲಿಂಗಯ್ಯನಿಗೆ ಕೊಡಲು ಕಲ್ಲಿಗೆ ಹಿಂದಕ್ಕೆ ಕೈಚಾಚಿದ. ಕಲ್ಲಿಲ್ಲ. ಚಂದಮ್ಮ ಏನೂ ಅರಿಯದವಳಂತೆ ಸೆರಗು ಸರಿಮಾಡಿಕೊಂಡು ಇಳಿದು ಮನೆಯೊಳಗೆ ನಡೆದುಬಿಟ್ಟಳು.

“ಸರ್ರ, ಈ ಕಡಿ ಸರದು ಬ್ರೇಕಿನ ಮ್ಯಾಲ ಬಲಗಾಲಿಡ್ರಿ,” ಎಂದ ಸಾಯಬಣ್ಣ. “ಗೇರಿನ ಮ್ಯಾಲ ಭರವಸಾ ಇಲ್ಲ. ನಾ ಕಲ್ಲು ತಗೊಂಡು ಈಗ ಬಂದೆ.”

ಗುರುಲಿಂಗಯ್ಯ ಸರಿದು ಕಾಲಿಟ್ಟ. ಸಾಯಬಣ್ಣ ಹೋದ.

ಕಲ್ಲಿನ ಸೀಮೆಯಲ್ಲಿ ಕಲ್ಲಿಗೇನು ಬರ? ಮನೆ ಕಲ್ಲು, ಮಾಳಿಗೆ ಕಲ್ಲು, ಬೇಲಿಯೂ ಕಲ್ಲು. ಆದರೆ ಎಲ್ಲವೂ ರೊಟ್ಟಿಯಂತೆ ಚಪ್ಪಟೆ. ಯಾರೋ ಉತ್ಸಾಹಿಗಳು ಒಂದು ಫರಸಿ ಚಪ್ಪಡಿ ತಂದು ಗಾಲಿಗೆ ಕೊಟ್ಟರು. ಗುರುಲಿಂಗಯ್ಯ ಕಾಲು ಚೂರು ಸಡಿಲಿಸಿದ್ದೇ ತಡ, ಫರಸಿ ಜಾರಿತು, ಜೀಪು ಗೇಣುದ್ದ ಮುಂದೆ ಸರಿಯಿತು. ಖಂಡೆಪ್ಪ ಓಡಿ ಬಂದು ಕೈಮುಗಿದ. “ಕಾಲು ತೆಗಿಬ್ಯಾಡ್ರಿ ಮಾಸ್ತರ್ರ. ನನ್ನ ಹೊಟ್ಟಿ ನಿಮ್ಮ ಕಾಲಾಗ ಅದ.” ಹೇಳಿ, ಗಡಿಗೆ ಎತ್ತಿಡಲು ಓಡಿದ.

ಇನ್ನೊಬ್ಬರು ಎದುರು ಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ನಜಮುನ್ನೀಸಾ ಖಾಲಾಳ ಒರಳಿನ ಗುಂಡನ್ನು ಎತ್ತಿ ತಂದರು. ಮಸಾಲೆ ಅರ್ಧ ಅರೆದಿದ್ದ ಖಾಲಾ ಹಿಂದೆಯೇ ಬಂದು ಅದನ್ನು ಕಸಿದುಕೊಂಡಳು. ಆದರೆ ಹೋಗಲಿಲ್ಲ. ಗುಂಡನ್ನು ಸೊಂಟಕ್ಕಿಟ್ಟುಕೊಂಡು ವರನನ್ನು ನೋಡುತ್ತ ನಿಂತಳು.

ಅತ್ತ ಸಾಯಬಣ್ಣನಿಗೆ ಊರಾಚೆ ಹೊಲದ ಅಂಚಿನಲ್ಲಿ ಒಂದು ಸೊಗಸಾದ ದಪ್ಪ ಕಲ್ಲು ಸಿಕ್ಕಿತ್ತು. ಅದು ಇಬ್ಬರು ಅಣ್ಣತಮ್ಮಂದಿರ ಹೊಲದ ನಡುವಿನ ಗಡಿಗಲ್ಲು. ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ಆ ಇಬ್ಬರೂ, ಕಲ್ಲು ಕೀಳುವವನನ್ನು ಕಂಡು ಒಂದೇ ದನಿಯಲ್ಲಿ ಕೂಗಿ ಅವನನ್ನು ಹಿಡಿದು ಕೂರಿಸಿದರು.

ರೇವಣಯ್ಯ ಬಾಗಿಲಿಗೆ ಬಂದು, ಒಳಗೆ ಬರಬೇಕೆಂದು ಕರೆದರು. ಹಿರಿಯರು ಎದುರು ನಿಂತರೂ ಗುರುಲಿಂಗಯ್ಯ ಏಳಲಿಲ್ಲ, ಕೂತಲ್ಲೇ ಕೈಮುಗಿದ. ಇಳಿಜಾರಿನ ಮೇಲಿನ ವಸ್ತುವಿನ ತೂಕ ಎರಡು ದಿಕ್ಕಿಗೆ ಹಂಚಿಹೋಗುತ್ತದೆ ಎಂದು ಶುರುಮಾಡಿದ, ದೊಡ್ಡವ್ವನ ಮಾತು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ. ಅರ್ಧ ಹೇಳಿದ್ದು ಹೇಳದ್ದಕ್ಕಿಂತ ಕೆಟ್ಟದಾಯಿತು. ಚಂದಮ್ಮನನ್ನು ಕೇಳಿದರೆ, ಕಲ್ಲಿನ ವಿಷಯ ಹೊರಬಿದ್ದೀತೆಂಬ ಭಯಕ್ಕೆ ಅವಳು “ಬರ್ತಾನ, ಸ್ವಲ್ಪ ತಡೀರಿ,” ಎಂದಷ್ಟೇ ಅಂದಳು.

“ಜೀಪು ಬರೇ ನೆಪ,” ಎಂದಳು ಖಾಲಾ, ಓಣಿಗೆಲ್ಲ ಕೇಳುವಷ್ಟು ಮೆಲ್ಲಗೆ. “ಹುಡುಗನ ಕಾಲಾಗ ಐಬು ಅದ. ಅದಕ್ಕೇ ಇಳಿವಲ್ಲ.”

ಮಾತು ಜೀಪಿಗಿಂತ ಜೋರಾಗಿ ಇಳಿಜಾರು ಇಳಿಯಿತು. ಉಪ್ಪಿಟ್ಟು ಜೀಪಿಗೇ ಬಂತು. ಅದರ ಹಿಂದೆ ಜನ ಬಂದರು, ಬಗ್ಗಿ ಬಗ್ಗಿ ನೋಡಿದರು. ಹೆಣ್ಣನ್ನು ನಡೆಸಿ ನೋಡುವುದು ಊರಿನ ರೂಢಿ; ಗಂಡನ್ನು ನಡೆಸಿ ನೋಡಬೇಕಾದದ್ದು ಇದೇ ಮೊದಲು. ಮುದುಕರೊಬ್ಬರು ಕಾಲೆತ್ತಿ ತೋರಿಸಲು ಹೇಳಿದರು. ಗುರುಲಿಂಗಯ್ಯ ಎಡಗಾಲೆತ್ತಿ, ಗಾಳಿಯಲ್ಲಿ ಎರಡು ಸಲ ಮಡಚಿ ಚಾಚಿ ತೋರಿಸಿದ.

“ಇನ್ನೊಂದು?”

ಅವನು ಕೆಳಗೆ ಇನ್ನೂ ಎತ್ತಿಟ್ಟು ಮುಗಿಯದ ಗಡಿಗೆಗಳನ್ನು ನೋಡಿದ. ಮುದುಕರ ಮುಖ ನೋಡಿದ. ಉಪ್ಪಿಟ್ಟು ತಿಂದ. ಜನ ತಲೆಯಾಡಿಸಿದರು.

ಬಿಸಿಲು ನೆತ್ತಿಗೇರಿದಾಗ ಸಾಯಬಣ್ಣ ಬಂದ. ಜೊತೆಗೆ ಅಣ್ಣತಮ್ಮಂದಿರೂ ಬಂದರು, ಕಲ್ಲನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಲಾರದೆ ಎರಡೂ ಬದಿಯಿಂದ ಹಿಡಿದುಕೊಂಡು. ಕೆಲಸವಾದ ಕೂಡಲೇ ಕಲ್ಲು ಅದರ ಜಾಗಕ್ಕೆ ಹೋಗಬೇಕೆಂಬ ಕರಾರಿನ ಮೇಲೆ ಅದನ್ನು ಗಾಲಿಗೆ ಕೊಟ್ಟರು. ಜೀಪು ಗಟ್ಟಿಯಾಗಿ ನಿಂತಿತು.

ಗುರುಲಿಂಗಯ್ಯ ಎದೆಯೆತ್ತಿ, ಊರಿಗೆಲ್ಲ ಉತ್ತರ ಹೇಳುವವನಂತೆ ಕೆಳಗಿಳಿದ. ಅಷ್ಟು ಹೊತ್ತು ಒತ್ತಿ ಹಿಡಿದ ಬಲಗಾಲು ಪೂರ್ತಿ ಜೋಮುಗಟ್ಟಿತ್ತು. ಊರಿದ್ದು ಕಾಲೋ ಹತ್ತಿಯ ಮೂಟೆಯೋ ತಿಳಿಯದೆ, ಅದನ್ನು ಎಳೆದುಕೊಂಡು, ಜೀಪನ್ನು, ಕಂಬವನ್ನು, ಕೊನೆಗೆ ರೇವಣಯ್ಯನವರ ಭುಜವನ್ನು ಹಿಡಿದು ಹೊಸ್ತಿಲು ದಾಟಿದ.

“ನಾ ಹೇಳಿಲ್ಲೇನು,” ಎಂದಳು ಖಾಲಾ, ಗುಂಡನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳುತ್ತ.

ಒಳಗೆ ಕಂಬಳಿಯ ಮೇಲೆ ಕೂತು ಗುರುಲಿಂಗಯ್ಯ ಕಿಸೆಯಲ್ಲಿದ್ದ ಫೋಟೋವನ್ನು ಮುಟ್ಟಿ ನೋಡಿಕೊಂಡ. ಮರಳಿ ಕೊಡಬೇಕಾಗುತ್ತದೆ ಎಂದುಕೊಂಡ. ರೇವಣಯ್ಯ ಓಣಿಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

“ಮಾಸ್ತರ್ರ, ಮುಚ್ಚಿಡಾದು ನಮಗೂ ಬರಂಗಿಲ್ಲ. ನಮ್ಮ ರತ್ನಾ ಸಣ್ಣಾಕಿದ್ದಾಗ ಮಾಳಗಿ ಮ್ಯಾಲಿಂದ ಬಿದ್ದು, ಒಂದು ಕಾಲು ಜರಾ ಎಳೀತದ. ಬಂದವರೆಲ್ಲ ನಡೆಸಿ ನೋಡಿ, ಉಪ್ಪಿಟ್ಟು ತಿಂದು ಹೋದ್ರು. ಎರಡೂ ಕಾಲು ನೆಟ್ಟಗಿದ್ದಾವನ್ನ ಮಾಡ್ಕೊಳ್ಳಂಗೇ ಇಲ್ಲಂತ ಆಣಿ ಹಾಕ್ಯಾಳ. ನಿಮ್ಮನ್ನ ಆ ದೇವರೇ ಕಳಿಸ್ಯಾನ.”

ಚಹಾದ ತಟ್ಟೆ ಹಿಡಿದು ರತ್ನಾ ಬಂದಳು. ಹೆಜ್ಜೆಗೊಮ್ಮೆ ಚೂರು ಬಾಗಿ ಏಳುವ ನಡೆ. ತಟ್ಟೆಯ ಒಂದು ಹನಿಯೂ ತುಳುಕಲಿಲ್ಲ. ತಲೆಯೆತ್ತಿ ನೋಡಿದಾಗ, ಫೋಟೋದಲ್ಲಿ ತುಟಿಯಲ್ಲೇ ಹಿಡಿದಿದ್ದ ಆ ನಗೆ ಪೂರ್ತಿ ಬಂದುಬಿಟ್ಟಿತು. ಕಾಲು ಜೋಮುಗಟ್ಟುವುದಕ್ಕೆ ನರಗಳ ಮೇಲಿನ ಒತ್ತಡವೇ ಕಾರಣ ಎಂದು ವಿವರಿಸಲು ಗುರುಲಿಂಗಯ್ಯ ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೇ ಉಳಿಯಿತು. ದೊಡ್ಡವ್ವ ಚಿವುಟುವ ಅಗತ್ಯವೂ ಬೀಳಲಿಲ್ಲ. ಮನೆಯವರು ಸಕ್ಕರೆ ಹಂಚಿದರು. ಉಗಾದಿ ದಾಟಿದ ಮೇಲೆ ಮದುವೆ, ಅಲ್ಲಿಯವರೆಗೆ ಮಾಸ್ತರರು ಪ್ರತಿ ಸೋಮವಾರ ಊಟಕ್ಕೆ ಬರಬೇಕು ಎಂದು ನಿಶ್ಚಯವಾಯಿತು.

ಹೊರಡುವ ಹೊತ್ತಿಗೆ ಜೋಮು ಪೂರ್ತಿ ಇಳಿದು, ಕಾಲು ಕುದುರೆಯ ಕಾಲಿನಂತಾಗಿತ್ತು. ಎಲ್ಲರೂ ನೋಡುತ್ತಿದ್ದರು. ಗುರುಲಿಂಗಯ್ಯ ಉಸಿರು ಹಿಡಿದು, ಬಹಳ ಎಚ್ಚರಿಕೆಯಿಂದ ಒಂದು ಕಾಲನ್ನು ಎಳೆಯುತ್ತ ಹೊಸ್ತಿಲವರೆಗೆ ನಡೆದ. ಖಾಲಿ ಬಟ್ಟಲು ತೆಗೆದುಕೊಳ್ಳುವ ನೆವದಲ್ಲಿ ರತ್ನಾ ಪಕ್ಕಕ್ಕೆ ಬಂದಳು.

“ಆ ಕಾಲಲ್ರಿ ಮಾಸ್ತರ್ರ,” ಎಂದಳು, ಅವನೊಬ್ಬನಿಗೇ ಕೇಳುವಂತೆ. “ಬಲಗಾಲು.”

ಗುರುಲಿಂಗಯ್ಯ ಕಾಲು ಬದಲಿಸಿದ.