ಲವಂಗ ಚುಚ್ಚಿದ ಲಿಂಬೆಹಣ್ಣು

ಹೊಳೆವ್ವನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಹೀಗೆಂದು ದಿಗ್ಗೇವಾಡಿಯಲ್ಲಿ ಬೇರೆ ಯಾರೂ ಹೇಳುವುದಿಲ್ಲ, ಅವಳೇ ಹೇಳುತ್ತಾಳೆ. ಮಿರಜದ ಸಂತೆಯಲ್ಲಿ ಹತ್ತು ವರ್ಷ ಕುರಿ ಮಾರಿದವಳಲ್ಲವೇ! (ಗಿರಾಕಿಗಳು ಬೆರಳು ತೋರಿಸುತ್ತಿದ್ದರು, ಇವಳು ತಲೆ ಅಲ್ಲಾಡಿಸುತ್ತಿದ್ದಳು. ಆ ಮಾತು ಬೇರೆ.) ಹೀಗಾಗಿ ಮಿರಜ ಕಡೆಯ ಸೊಸೆ ಸಪನಾ ತವರಿಗೆ ಮೊಬೈಲ್ ಹಚ್ಚಿದಾಗಲೆಲ್ಲ ಅತ್ತೆಯ ಕಿವಿ ತಾನಾಗಿಯೇ ಅತ್ತ ವಾಲುತ್ತಿತ್ತು.

ಆ ದಿನ ವಾಲಿದ ಕಿವಿಗೆ ಬಿದ್ದದ್ದು ಇಷ್ಟು: “ಆಯಿ, ಮಾಶ್ಯಾ ಲಯ್ ಝಾಲ್ಯಾತ! ಘಾಲವಾಯಚ್ಯಾ ಕಶಾ?”

ಹೊಳೆವ್ವ ಅದನ್ನು ತನ್ನ ಮರಾಠಿಯಲ್ಲಿ ಅರ್ಥ ಮಾಡಿಕೊಂಡಳು. ಮೌಶಿಯ ಕಾಟ ಅತಿಯಾಯಿತು, ಹೊರಗೆ ಹಾಕುವುದು ಹೇಗೆ ಎಂದು ಕೇಳುತ್ತಿದ್ದಾಳೆ, ಮನೆಹಾಳಿ! ಮಗನಿಗೆ ಮೌಶಿ, ಅಂದರೆ ಚಿಕ್ಕಮ್ಮ, ಇನ್ನಾರು? ಪಡಸಾಲೆಯಲ್ಲಿ ಒಂದು ಕೈಯಿಂದ ಸೆರಗು ಬೀಸಿ ನೊಣ ಓಡಿಸುತ್ತ, ಇನ್ನೊಂದು ಕೈಯಿಂದ ರೊಟ್ಟಿ ತಿನ್ನುತ್ತಿದ್ದ ತನ್ನ ತಂಗಿ ಸುಂದ್ರವ್ವ. ತಾಯಿಯ ಒಂದು ಕಂಬಳಿಗಾಗಿ ಜಗಳವಾಡಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದವಳು, ಮೊನ್ನೆ ಜುಗೂಳದಿಂದ ತಾನಾಗಿಯೇ ಬಂದು “ಅಕ್ಕಾ” ಎಂದು ಗೊಳೋ ಅತ್ತಿದ್ದಳು. ಅವಳನ್ನು ಒಂದು ತಿಂಗಳಾದರೂ ಇಟ್ಟುಕೊಂಡು ಬಾಕಿ ಉಳಿದ ಮಾತನ್ನೆಲ್ಲ ಆಡಬೇಕೆಂದು ಹೊಳೆವ್ವನ ಆಸೆ. ಬಂದು ಎಂಟು ದಿನ ಕೂಡ ಆಗಿಲ್ಲ.

ಫೋನಿಟ್ಟ ಸಪನಾ ಲಿಂಬೆಹಣ್ಣು ಹೋಳು ಮಾಡಿ, ಅದಕ್ಕೆ ಒಂದೊಂದೇ ಲವಂಗ ಚುಚ್ಚಿ, ಸುಂದ್ರವ್ವನ ತಲೆದಿಂಬಿನ ಹತ್ತಿರ ಇಟ್ಟಳು. ಹೊಳೆವ್ವ ಓಡಿ ಬಂದಳು.

“ಏನಬೇ ಇದು?”

“ನಮ್ಮ ಆಯಿ ಹೇಳ್ಯಾಳ್ರಿ ಅತ್ತಿ. ಮೌಶಿ ಮಲಗೂ ಕಡೆ ಇಟ್ರ, ಎರಡ ದಿನದಾಗ ಒಂದೂ ಉಳಿಯೂದಿಲ್ಲಂತ.”

ಒಂದೂ ಉಳಿಯುವುದಿಲ್ಲ! ತನಗೆ ಇರುವುದೇ ಒಬ್ಬ ತಂಗಿ! ಸಂಜೆ ಸೊಸೆ ಹಾಸಿಗೆಯ ಸುತ್ತ ಕರ್ಪೂರದ ಹೊಗೆ ಹಾಕಿದಳು. ಸುಂದ್ರವ್ವ ಎರಡು ಸಲ ಕೆಮ್ಮಿದಳು. ಮಾಟ ಹತ್ತಿತು ಎಂದು ಹೊಳೆವ್ವ ಕಂಬ ಹಿಡಿದು ನಿಂತಳು. ಯಾರಿಗೆ ಹೇಳುವುದು? ಮಗನಿಗೆ ಹೇಳಿದರೆ ಸಂಸಾರ ಮುರಿಯುತ್ತದೆ, ತಂಗಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೊನೆಗೆ, ತನ್ನ ಆಸೆ ಮಣ್ಣುಪಾಲಾದರೂ ಸರಿ, ತಂಗಿಯ ಜೀವ ಉಳಿದರೆ ಸಾಕು ಎಂಬ ಮಹಾತ್ಯಾಗಕ್ಕೆ ಸಿದ್ಧಳಾದಳು.

ಮರುದಿನ ಸೊಸೆ ನೀರಿಗೆ ಹೋದದ್ದೇ ತಡ, ತಂಗಿಯ ಚೀಲ ತುಂಬಿದಳು.

“ಏಳ, ಊರಿಗಿ ನಡಿ.”

“ಯಾಕ ಅಕ್ಕಾ? ನಾ ಏನ ಮಾಡೇನಿ?”

“ಏನೂ ಕೇಳಬ್ಯಾಡ. ನೀ ಇಲ್ಲಿ ಇರೂದ ಬ್ಯಾಡ.”

ಸುಂದ್ರವ್ವ ಅಕ್ಕನ ಕೈಯಿಂದ ಚೀಲ ಕಸಿದುಕೊಂಡಳು. “ಕಂಬಳಿದ ಇನ್ನೂ ಮನಸಿನ್ಯಾಗ ಇಟ್ಕೊಂಡಿ, ಹೌದಿಲ್ಲ?” ಎಂದವಳು ರಾಯಬಾಗದ ಬಸ್ಸು ಹತ್ತಿ ತಿರುಗಿಯೂ ನೋಡಲಿಲ್ಲ. ಹೊಳೆವ್ವ ಅಳುತ್ತ ಮನೆಗೆ ಬಂದಳು.

ಸಪನಾ ಚಹಾ ಹಿಡಿದು ನಿಂತಿದ್ದಳು. “ಅತ್ತಿ, ಮೌಶಿ ಎಲ್ಲ್ಯದಾರ?”

“ಕಳಿಸಿದೆ! ನಿನ್ನ ಮಾಟಾ ಪೂರಾ ಹತ್ತೂಕಿಂತ ಮೊದಲ ಕಳಿಸಿದೆ! ನನಗೂ ಮರಾಠಿ ಬರತೈತಿ. ಮೌಶೀನ ಓಡಸೂದ ಹೆಂಗ ಅಂತ ನಿಮ್ಮ ಆಯೀನ ಕೇಳಿದಿ ಇಲ್ಲೋ?”

ಸಪನಾ ಚಹಾ ಕೆಳಗಿಟ್ಟು ಹಣೆ ಬಡಿದುಕೊಂಡಳು. “ಅಯ್ಯ ದೇವಾ! ಮೌಶಿ ಅಲ್ರಿ ಅತ್ತಿ, ಮಾಶಿ! ಮಾಶಿ ಅಂದ್ರ ನೊಣಾ! ಕುರಿ ಹಟ್ಟಿ ಮಗ್ಗಲಕ್ಕ ಐತಿ, ಮೌಶಿಗಿ ನೆಟ್ಟಗ ಒಂದ ತುತ್ತ ಉಣ್ಣಾಕ ಆಗವಲ್ದು. ಪಾಪ, ಇನ್ನಷ್ಟ ದಿನಾ ಆರಾಮ ಇರ್ಲಿ ಅಂತ ಲಿಂಬಿಹಣ್ಣ ಇಟ್ಟಿದ್ನಿರಿ.”

ಹೊಳೆವ್ವ ತಂಗಿಯ ಹಾಸಿಗೆಯ ಮೇಲೆ ಕೂತಳು. ಬಸ್ಸು ಈಗ ರಾಯಬಾಗದ ಅರ್ಧ ದಾರಿ ದಾಟಿರಬೇಕು. ತಂಗಿಯ ಹತ್ತಿರ ಮೊಬೈಲೂ ಇಲ್ಲ. ತಲೆದಿಂಬಿನ ಹತ್ತಿರದ ಲಿಂಬೆಹಣ್ಣಿನ ಮೇಲೆ ನಾಲ್ಕು ನೊಣ ಆರಾಮಾಗಿ ಕೂತಿದ್ದವು. ಐದನೆಯದು ಹಾರಿ ಬಂದು ಹೊಳೆವ್ವನ ಮೂಗಿನ ಮೇಲೆ ಕೂತಿತು. ಸಪನಾ ಓಡಿಸಲು ಕೈ ಎತ್ತಿದಳು.

“ಬಿಡಬೇ,” ಎಂದಳು ಹೊಳೆವ್ವ, ಮೂಗು ಅಲ್ಲಾಡಿಸದೆ. “ಮೌಶೀನ ನಾನ ಓಡಿಸಿ ಬಂದೇನಿ. ಮಾಶಿಯಾದ್ರೂ ಇರಲಿ.”