ಮದರ್‌ಬೋರ್ಡಿಗೆ ಹೌದೆಂದ ಹೌದಪ್ಪ

ಯಾರು ಏನು ಕೇಳಿದರೂ 'ಹೌದು' ಎನ್ನುವ ಚಾಳಿಯಿಂದ ಆ ಗುಮಾಸ್ತನಿಗೆ ಕಚೇರಿಯಲ್ಲಿ ಹೌದಪ್ಪ ಎಂದೇ ಹೆಸರು ಬಿದ್ದಿತ್ತು. ಮನುಷ್ಯರಿಗೆ ಹೌದೆಂದು ಇಷ್ಟು ದಿನ ಹೇಗೋ ಬಚಾವಾಗಿದ್ದ. ಇವತ್ತು ಕಂಪ್ಯೂಟರಿಗೆ ಅಂದುಬಿಟ್ಟ.

ಬೆಳಿಗ್ಗೆ ಕೇಂದ್ರ ಕಚೇರಿಗೆ ಹೊರಟ ಸಾಹೇಬರು, "ನಿನ್ನ ಕೆಲಸ ಕಾಯಂ ಮಾಡೋ ಕಾಗದಕ್ಕೆ ಸಂಜೆ ಬಂದು ಸಹಿ ಹಾಕ್ತೀನಿ. ನನ್ನ ಕಂಪ್ಯೂಟರ್ ಮಾತ್ರ ಮುಟ್ಟಬೇಡ," ಎಂದಿದ್ದರು. ಮುಟ್ಟುವ ಧೈರ್ಯ ಅವನಪ್ಪನಾಣೆಗೂ ಅವನಿಗಿರಲಿಲ್ಲ. ಆದರೆ ಸಾಹೇಬರ ಮೇಜಿನ ಧೂಳು ಹೊಡೆಯುವಾಗ ಮೌಸ್ ಅಲುಗಿ ಪರದೆ ಬೆಳಗಿತು. ಯಂತ್ರದ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಅದನ್ನು ಎಬ್ಬಿಸಿ ನಡೆಸುವ ಹೊಸ ಫರ್ಮ್‌ವೇರ್ ಬಂದಿದೆ, ಹಾಕಲೇ ಎಂದು ಕೇಳಿತು. ಆಮೆಯಂಥ ಯಂತ್ರ ಚುರುಕಾದರೆ ಸಾಹೇಬರಿಗೂ ಖುಷಿ ಎಂದುಕೊಂಡು ಹೌದು ಒತ್ತಿದ.

ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಒಳಗಿನ ಫ್ಯಾನು ಮಾತ್ರ ಭರ್ರೋ ಎಂದು ಹುಚ್ಚೆದ್ದು ತಿರುಗತೊಡಗಿತು.

ಸದ್ದಿಗೆ ಕಚೇರಿಯ ಉಗ್ರಾಣ ನೋಡಿಕೊಳ್ಳುವ ಯಜಮಾನರು ಓಡಿಬಂದರು. "ಸಿಡಿಯುತ್ತೋ ಏನೋ! ಆರಿಸು, ಮತ್ತೆ ಹಾಕು!"

ಆರಿಸಿ ಹಾಕಿದರು. ಕಪ್ಪು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ಯಜಮಾನರ ಬೆರಳು ಸ್ವಿಚ್ಚು ಬಿಟ್ಟು ಕದಲಲಿಲ್ಲ.

ಟಪಾಲು ವಿಭಾಗದ ಅಕ್ಕ ಬಾಗಿಲಲ್ಲೇ ನಿಂತು ಲೊಚಗುಟ್ಟಿದರು. "ಕಾಯಂ ಆಗೋ ದಿನವೇ ಹೀಗಾಗಬೇಕಾ? ನಿನ್ನ ಹಣೆಬರಹ ಕಣಪ್ಪ."

ಅಷ್ಟರಲ್ಲಿ ಯಜಮಾನರು ಪೆಟ್ಟಿಗೆ ಬಿಚ್ಚಿ, ಮದರ್‌ಬೋರ್ಡಿನಲ್ಲಿದ್ದ ಬಿಲ್ಲೆಯಂಥ ಬ್ಯಾಟರಿಯನ್ನು ಕಿತ್ತಾಗಿತ್ತು. "ನಮ್ಮನೆ ಗಡಿಯಾರ ಹೀಗೇ ಸರಿಹೋಗಿದ್ದು," ಎನ್ನುತ್ತಿದ್ದಂತೆ ಅದು ಕೈಜಾರಿ, ಉರುಳುತ್ತಾ ಕಬ್ಬಿಣದ ಬೀರುವಿನಡಿ ಸೇರಿತು.

ಹೌದಪ್ಪ ಮಕಾಡೆ ಮಲಗಿ, ಜೇಡರ ಬಲೆಯೊಳಗೆ ಕೈ ತೂರಿಸಿದ. ಮೇಲಿನಿಂದ ಅಕ್ಕನ ಫೋನಿನ ಮಾತು ಕೇಳಿಸಿತು. "ಸಾರ್, ನಿಮ್ಮ ಕಂಪ್ಯೂಟರ್ ತೀರ್ಕೊಂಡ್ತು ಸಾರ್... ಹಾಂ? ಈಗ್ಲೇ ಬರ್ತೀರಾ? ದೊಡ್ಡ ಅಧಿಕಾರಿಗಳನ್ನೂ ಕರ್ಕೊಂಡಾ?"

ಹೌದಪ್ಪನ ತಲೆ ಬೀರುವಿಗೆ ಠಣ್ಣೆಂದು ಬಡಿಯಿತು. ಕಾಯಂ ಮಾತು ಹಾಗಿರಲಿ, ಇದ್ದ ಕೆಲಸವೂ ಹೋಯಿತೆಂದು ಅವನಿಗೆ ಖಾತ್ರಿಯಾಯಿತು. ಕೈಗೆ ಸಿಕ್ಕ ಬ್ಯಾಟರಿ ಹಿಡಿದು ಎದ್ದು, ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದನಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದ.

"ಭಾವ, ಪ್ರತಿಸಲ ಹಾಕಿದ್ಮೇಲೆ ಎಷ್ಟು ಹೊತ್ತು ಕಾದ್ರಿ?"

"ಕಾಯೋದಾ? ಯಜಮಾನ್ರು ಬಿಡಬೇಕಲ್ಲ!"

"ಅದೇ ತಪ್ಪಾಗಿರೋದು. ಹೊಸ ಫರ್ಮ್‌ವೇರ್ ಹಾಕಿದ್ಮೇಲೆ ಮೊದಲ ಸಲ ಅದು ಒಳಗಿನ ಮೆಮೊರಿನೆಲ್ಲ ತಡವಿ ನೋಡ್ಕೊಂಡು ಏಳ್ಬೇಕು. ಏಳೋ ಹೊತ್ತಿಗೆ ನೀವು ತಲೆ ಮೇಲೆ ಮೊಟಕಿ ಮಲಗಿಸ್ತಿದ್ದೀರಿ. ಬ್ಯಾಟರಿ ಹಾಕಿ, ಸ್ವಿಚ್ ಒತ್ತಿ, ಕೈಕಟ್ಟಿ ಕೂತ್ಕೊಳ್ಳಿ."

ಹಾಗೇ ಮಾಡಿದ. ಫ್ಯಾನು ಮತ್ತೆ ಅಬ್ಬರಿಸಿತು. ಪರದೆ ಮಾತ್ರ ಅಮಾವಾಸ್ಯೆ.

"ಒಂದೇ ಒಂದ್ಸಲ ಆರಿಸಿ ನೋಡೋಣ, ಹೂಂ ಅನ್ನು," ಎಂದು ಯಜಮಾನರು ಬೆರಳು ಚಾಚಿದರು.

ಹೌದಪ್ಪ ಸ್ವಿಚ್ಚಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ. "ಬೇಡ! ಆಗಲ್ಲ ಅಂದ್ರೆ ಆಗಲ್ಲ!"

ಹುಟ್ಟಿದಾಗಿನಿಂದ ಅವನು ಯಾರಿಗೂ ಹೀಗಂದಿರಲಿಲ್ಲ. ಯಜಮಾನರು ಬೆಚ್ಚಿ ಬೆರಳು ಹಿಂದೆಗೆದರು. ಹೊರಗೆ ಕಾರು ನಿಂತ ಸದ್ದಾಯಿತು, ಮೆಟ್ಟಿಲ ಮೇಲೆ ಬೂಟುಗಳು ಸದ್ದು ಮಾಡಿದವು. ಹೌದಪ್ಪ ಕಣ್ಣು ಮುಚ್ಚಿಕೊಂಡ. ಆಗಲೇ ಫ್ಯಾನು ತಣ್ಣಗಾಗಿ, ಪರದೆ ಝಗ್ಗನೆ ಬೆಳಗಿತು. ಬದುಕಿದೆಯಾ ಬಡಜೀವವೇ ಎಂದು ಅವನಿಗೆ ಅಳುವೇ ಬಂತು.

ಸಾಹೇಬರು ಕೈಯಲ್ಲಿ ಪೆನ್ನು ಹಿಡಿದು ನಗುನಗುತ್ತಾ ಒಳಬಂದರು. "ನೋಡಿ ಸಾರ್, ಕಣ್ಣಾರೆ ನೋಡಿ. ಪೂರ್ತಿ ಸತ್ತಮೇಲೇ ಹೊಸದು ಕೊಡ್ತೀವಿ ಅಂತಿದ್ರಲ್ಲ, ಇವತ್ತು..."

ಬೆಳಗುತ್ತಿದ್ದ ಪರದೆ ಕಂಡು ಮಾತು ಅಲ್ಲಿಗೇ ನಿಂತಿತು. ದೊಡ್ಡ ಅಧಿಕಾರಿಗಳು ಬಗ್ಗಿ ಮೌಸ್ ಆಡಿಸಿದರು. "ಭೇಷಾಗಿದೆಯಲ್ರೀ! ಇನ್ನೈದು ವರ್ಷಕ್ಕೆ ಯೋಚನೆಯಿಲ್ಲ," ಎಂದು ಬಂದ ದಾರಿಯಲ್ಲೇ ಇಳಿದುಹೋದರು.

ಸಾಹೇಬರ ಮುಖ ಕೆಂಪೇರಿತು. "ಇದನ್ನ ಸರಿಮಾಡಿದ್ದು ಯಾರು? ನೀನಾ?"

ಬೆಳಗಿನಿಂದ ಹೌದಪ್ಪ ನೂರು ಸುಳ್ಳು ಹೊಂದಿಸಿಟ್ಟುಕೊಂಡಿದ್ದ, ಎಲ್ಲವೂ ಕೆಡಿಸಿದ್ದು ಯಾರು ಎಂಬ ಪ್ರಶ್ನೆಗೆ. ಈ ಪ್ರಶ್ನೆಗೆ ಒಂದೂ ಇರಲಿಲ್ಲ.

"ಹೌದು ಸಾರ್," ಎಂದ.

ಸಾಹೇಬರು ಕಾಯಂ ಕಾಗದದ ಸಹಿಗೆಂದು ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.