ಹಳೆ ಹೆಸರಿನ ಸ್ನ್ಯಾಪ್‌ಶಾಟ್

ನನಗೆ ಗುಡಿಸುವ ಚಟವಿದೆ. ಅದೊಂದು ಒಳ್ಳೆಯ ಗುಣವೆಂದೇ ಬಹಳ ದಿನ ನಂಬಿದ್ದೆ. ವಾರಸುದಾರರಿಲ್ಲದ ವಸ್ತು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿ ಇದಕ್ಕೆ ಸಂಬಳವನ್ನೂ ಕೊಡುತ್ತಾರೆ. ಅಲ್ಲಿ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಕಂಟೇನರ್ ಎಂಬ ಪುಟ್ಟ ಕಂಪ್ಯೂಟರುಗಳಿವೆ. ಅವು ಆಯಾ ದಿನ ಹೇಗಿದ್ದವೋ ಹಾಗೇ ಒಂದು ಪ್ರತಿ ತೆಗೆದಿಟ್ಟರೆ ಅದು ಸ್ನ್ಯಾಪ್‌ಶಾಟ್. ಕಳೆದ ವಾರ ಒಂದು ಕಂಟೇನರಿನ ತದ್ರೂಪು ಮಾಡಿ, ಹೊಸ ಹೆಸರಿಟ್ಟು, ಮೂಲವನ್ನು ಅಳಿಸಿದೆ. ತದ್ರೂಪಿನ ಜೊತೆ ಬಂದ ಸ್ನ್ಯಾಪ್‌ಶಾಟುಗಳು ಮಾತ್ರ ಹಳೆಯ ಹೆಸರನ್ನೇ ಹೊತ್ತು ಕುಳಿತಿದ್ದವು. ಸತ್ತವರ ಸಾಮಾನೆಂದು ಅವನ್ನೂ ಗುಡಿಸಿಬಿಟ್ಟೆ. ಮರುದಿನ ಹೊಸ ಕಂಟೇನರ್ ಕೆಟ್ಟಿತು. ಹಿಂದಿನ ಸ್ಥಿತಿಗೆ ತರೋಣವೆಂದರೆ ಹಿಂದಿನದೇ ಇಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳಾದ ಮೇಲಧಿಕಾರಿ, "ಪೇರು ಮಟ್ಟುಂದಾನ್ ಪಾತ್ತೀಂಗಳಾ ಸಾರ್?" ಎಂದಳು. ಬರೀ ಹೆಸರು ನೋಡಿದಿರಾ ಎಂದು. ಆ 'ಸಾರ್' ಹೆಚ್ಚು ಚುಚ್ಚಿತು. ಬೇರೆ ಊರಿನಲ್ಲಿಟ್ಟಿದ್ದ ಇನ್ನೊಂದು ಪ್ರತಿಯಿಂದ ಹೇಗೋ ಮಾನ ಉಳಿಯಿತು.

ಮನೆಗೆ ಬಂದು ಇದನ್ನು ಅಮ್ಮನಿಗೆ ರಸವತ್ತಾಗಿ ಹೇಳಿದೆ. ಅರ್ಥವಾಗಲಾರದೆಂಬ ಧೈರ್ಯ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮ, "ತಿರುವಲ್ಲಿಕ್ಕೇಣಿ ಮನೆ ಕಾಲಿ ಮಾಡೋವಾಗ್ಲೂ ಹೀಗೇ ಮಾಡ್ದೆ ನೀನು. ಬೀರು ಮೇಲೆ ಫೋಟೋದ್ದು ಒಂದು ಕವರ್ ಇತ್ತಲ್ಲ," ಎಂದರು.

ನೆನಪಿತ್ತು. ಎರಡು ಜಡೆಯ ಹುಡುಗಿ, ಕೈಯಲ್ಲಿ ಬಹುಮಾನದ ಲೋಟ, ಪಕ್ಕದಲ್ಲಿ ಪೇಟ ಸುತ್ತಿದವರೊಬ್ಬರು. ಹಿಂದುಗಡೆ 'ವನಜಾಕ್ಷಿ, ಎಂಟನೇ ಕ್ಲಾಸು' ಎಂದು ಬರೆದಿತ್ತು. ನಮ್ಮ ವಂಶದಲ್ಲಿ ಯಾವ ವನಜಾಕ್ಷಿಯೂ ಇಲ್ಲವೆಂದು ಹಳೇ ಪೇಪರಿನವನಿಗೆ ಹಾಕಿದ್ದೆ.

"ಅದು ನಾನೇ ಕಣೋ. ಪಕ್ಕದಲ್ಲಿ ನಮ್ಮಪ್ಪ. ಅವರ್ದು ಬೇರೆ ಫೋಟೋನೇ ಇಲ್ಲ. ಕಲ್ಯಾಣದಲ್ಲಿ ನಿಮ್ಮಪ್ಪ ಅಕ್ಕಿ ಮೇಲೆ ಉಂಗುರದಲ್ಲಿ ಪದ್ಮಾವತಿ ಅಂತ ಬರೆದ್ರು. ಹೆಸರು ಬದಲಾಯ್ತು ಅಂತ ಫೋಟೋಗೆ ಹೋಗಿ ಯಾರು ಹೇಳ್ತಾರೆ?"

ತವರಿನಲ್ಲಿ ಅಮ್ಮನನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ವನಜಾಕ್ಷಿ ಶಾಲೆಯ ರಿಜಿಸ್ಟರಿನಲ್ಲಷ್ಟೇ ಇದ್ದಳು. ಆ ಮನೆ ಬಿಟ್ಟು ಮೂರು ವರ್ಷವಾದರೂ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳಿದ್ರೆ ಸಿಗತ್ತಾ? ನೀನು ಸುಮ್ನೆ ಸಂಕಟಪಡ್ತೀಯ," ಎಂದರು. ನನಗೆ ಅಳು ಬಂತು. ಮುಖ ತಗ್ಗಿಸಿ ನಾನೂ ನಾಲ್ಕು ಹುರುಳಿಕಾಯಿ ಕೈಗೆತ್ತಿಕೊಂಡೆ. ನಾರಿನ ಜೊತೆ ಕಾಯನ್ನೂ ಎಸೆಯುತ್ತಿದ್ದೇನೆಂದು ಅಮ್ಮ ತಟ್ಟೆ ಎಳೆದುಕೊಂಡರು.

ಬ್ಯಾಂಕಿನ ಕಂಪ್ಯೂಟರು ನಾನು ನಾನೇ ಹೌದೋ ಎಂದು ತಿಳಿಯಲು ಆಗಾಗ ಒಂದು ಪ್ರಶ್ನೆ ಕೇಳುತ್ತದೆ: ಮದುವೆಗೆ ಮುಂಚೆ ನಿಮ್ಮ ತಾಯಿಯ ಹೆಸರೇನು? ಹದಿನೈದು ವರ್ಷದಿಂದ ಪದ್ಮಾವತಿ ಎಂದೇ ಒತ್ತುತ್ತಿದ್ದೇನೆ. ಒಂದು ಸಲವೂ ಅದು ತಪ್ಪೆಂದಿಲ್ಲ.